ಹಿಂದಿನ ಸಾಲು

ಅಣ್ಣನ ಮೊಮ್ಮಗಳು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದಾಳೆ. ಈಚೆಗೆ ನಮ್ಮ ಮನೆಗೆ ಬಂದಿದ್ದಾಗ ಅವಳ ಗೈಡಿನಲ್ಲಿ ಒಂದು ಸಾಲಿಗೆ ಹಳದಿ ಬಣ್ಣ ಬಳಿದಿದ್ದು ಕಣ್ಣಿಗೆ ಬಿತ್ತು: ಚಿನಕುರಳಿ ಕದನ, 1771, ಮರಾಠರಿಂದ ಹೈದರ್ ಅಲಿಗೆ ಸೋಲು. "ಚಿಕ್ಕತಾತ, ಇದು ನಿಮ್ಮೂರ ಕಡೆಯದೇ ಅಲ್ವಾ? ಇಷ್ಟು ಗೊತ್ತಿದ್ರೆ ಸಾಕಾ?" ಎಂದಳು. ಪರೀಕ್ಷೆಗೆ ಸಾಕು ಎಂದೆ. ಅಷ್ಟು ಹೇಳಿ ಸುಮ್ಮನಾಗುವುದು ನನ್ನಿಂದ ಆಗಲಿಲ್ಲ. ಆ ಒಂದು ಸಾಲಿನೊಳಗೆ ನಮ್ಮ ಡ್ರಿಲ್ ಮೇಷ್ಟ್ರು ನಿಂತಿದ್ದರು, ಖಾಕಿ ಚಡ್ಡಿ, ಕೊರಳಲ್ಲಿ ವಿಸಿಲ್ಲು, ಕೈಯಲ್ಲಿ ಹುಣಸೆ ಬರಲು.

ಅರವತ್ತರ ದಶಕದ ಕೊನೆ. ಪಾಂಡವಪುರ ಸೀಮೆಯ ಒಂದು ಹೈಸ್ಕೂಲು. ಮೇಷ್ಟ್ರು ಎರಡನೇ ಮಹಾಯುದ್ಧದಲ್ಲಿ ಸಿಪಾಯಿಯಾಗಿದ್ದವರು, ಬರ್ಮಾದಲ್ಲಿ ಲಾರಿ ಓಡಿಸಿದವರು. ಊರಿನಲ್ಲಿ ಅವರಿಗೆ 'ಬರ್ಮಾ ಮೇಷ್ಟ್ರು' ಎಂದೇ ಹೆಸರು. ಆ ಹೆಸರಿನಲ್ಲಿ ಗೌರವವೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ. ಕಾಫಿ ಹೋಟೆಲಿನ ಬೆಂಚಿನ ಮೇಲೆ ಕುಳಿತವರು ಅವರ ಬೆನ್ನಿಗೆ ಕೇಳುವ ಹಾಗೆ, "ಜಪಾನಿನೋರು ಬಂದ್ರು ಅಂತ ಓಡಿ ಬಂದೋನಂತೆ ಕಣಪ್ಪ" ಅನ್ನುತ್ತಿದ್ದರು. ಮೇಷ್ಟ್ರು ತಿರುಗಿ ಮಾತಾಡಿದ್ದನ್ನು ನಾನು ನೋಡಲಿಲ್ಲ. ಗೆದ್ದ ಯುದ್ಧದಿಂದ ಬಂದವನಿಗೆ ಮಾತ್ರ ಹಾರ ಹಾಕುವ ಊರದು. ಊರೆಂದರೆ ಹೆಚ್ಚುಕಡಿಮೆ ಎಲ್ಲ ಊರೂ ಹಾಗೆಯೇ ಇರಬಹುದು.

ಅವರನ್ನು ದೇವರನ್ನಾಗಿ ಮಾಡಲು ನಾನು ಈ ಬರಹಕ್ಕೆ ಕೂತಿಲ್ಲ. ಅವರು ಹುಡುಗರನ್ನು ಹೊಡೆಯುತ್ತಿದ್ದರು, ಅಂಗೈ ಬಾತುಕೊಳ್ಳುವ ಹಾಗೆ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗನೊಬ್ಬ ಆ ಏಟಿನ ಭಯಕ್ಕೇ ಶಾಲೆ ಬಿಟ್ಟು ಎತ್ತು ಹೊಡೆಯಲು ಹೋದ. ಅದನ್ನು ಆಗ ಶಿಸ್ತು ಎಂದು ಕರೆಯುತ್ತಿದ್ದೆವು. ಈಗ ಹಾಗೆ ಕರೆಯಲಾರೆ. ಆದರೆ ಸೋಲು ಎಂದರೇನು ಎಂಬುದನ್ನು ನನಗೆ ಕಲಿಸಿದ್ದು ಚರಿತ್ರೆಯ ಮೇಷ್ಟ್ರಲ್ಲ, ಇವರು. ಚರಿತ್ರೆಯ ಪಾಠದಲ್ಲಿ ಹೈದರ್ 1761ರಲ್ಲಿ ಅಧಿಕಾರ ಹಿಡಿದವನು, 1769ರಲ್ಲಿ ಮದ್ರಾಸಿನ ಬಾಗಿಲಿಗೇ ಹೋಗಿ ಇಂಗ್ಲಿಷರಿಂದ ಒಪ್ಪಂದ ಬರೆಸಿಕೊಂಡವನು, 1780ರಲ್ಲಿ ಪೊಲ್ಲಿಲೂರಿನಲ್ಲಿ ಗೆದ್ದವನು. ನಡುವಿನ 1771 ನಮ್ಮ ಕಾಲ್ನಡಿಗೆಯ ದೂರದಲ್ಲೇ ನಡೆದಿದ್ದರೂ ಪಾಠದಲ್ಲಿ ಇರಲಿಲ್ಲ.

ಒಂದು ಶನಿವಾರ ತೊಣ್ಣೂರಿಗೆ ನಡೆದುಕೊಂಡು ಪ್ರವಾಸ ಹೋಗಿದ್ದೆವು. ನಂಬಿ ನಾರಾಯಣನ ಗುಡಿ ನೋಡಿ, ರಾಮಾನುಜಾಚಾರ್ಯರು ಕಟ್ಟಿಸಿದರೆಂದು ಹೇಳುವ ಕೆರೆಯ ಏರಿ ಮೇಲೆ ಕೂತು ಚಿತ್ರಾನ್ನ ತಿಂದು ವಾಪಸು ಹೊರಟೆವು. ಎರಡು ಬೆಟ್ಟದ ನಡುವಿನ ಆ ನೀರು ಎಷ್ಟು ತಿಳಿಯೆಂದರೆ ಮುಸಲ್ಮಾನ ಸರದಾರರು ಅದಕ್ಕೆ ಮೋತಿ ತಲಾಬ್ ಎಂದು ಹೆಸರಿಟ್ಟರಂತೆ. ಮರಾಠರ ಚರಿತ್ರೆಯಲ್ಲಿ ಈ ಕದನಕ್ಕೆ ಇರುವುದೂ ಅದೇ ಕೆರೆಯ ಹೆಸರು, ಮೋತಿ ತಲಾವದ ಕದನ. ವಾಪಸು ಬರುವಾಗ ಬಿಸಿಲು, ಸುಸ್ತು. ಸಾಲು ಹರಿದು ಹೋಗಿತ್ತು. ದೊಡ್ಡ ಹುಡುಗರು ಎಲ್ಲೋ ಮುಂದೆ, ಚಿಕ್ಕವರು ಚೀಲ ಎಳೆದುಕೊಂಡು ಎಲ್ಲೋ ಹಿಂದೆ. ಮೇಷ್ಟ್ರು ವಿಸಿಲ್ ಊದಿ ಒಂದು ಬೀಳು ಹೊಲದಲ್ಲಿ ಎಲ್ಲರನ್ನೂ ನಿಲ್ಲಿಸಿದರು.

ಬೈಗುಳ ಬರುತ್ತದೆ ಎಂದುಕೊಂಡೆವು. ಬರಲಿಲ್ಲ. ಚಿಕ್ಕ ಹುಡುಗರನ್ನೂ ಚೀಲಗಳನ್ನೂ ಚಿತ್ರಾನ್ನದ ಖಾಲಿ ಡಬರಿಯನ್ನೂ ನಡುವೆ ಇಡಿಸಿದರು. ಉಳಿದವರನ್ನು ನಾಲ್ಕು ಸಾಲು ಮಾಡಿ ಸುತ್ತ ಚೌಕವಾಗಿ ನಿಲ್ಲಿಸಿದರು. ನಾನು ಹಿಂದಿನ ಸಾಲಿನಲ್ಲಿದ್ದೆ. "ಈಗ ನೀವು ಹೈದರನ ದಂಡು. ಚೌಕ ಮುರೀದಂಗೆ ಆ ಹುಣಸೇತೋಪು ಮುಟ್ಬೇಕು. ನಾನು ಮರಾಠರ ಕುದುರೆ" ಎಂದರು. ಎಸ್ಸೆಸ್ಸೆಲ್ಸಿಯ ಇಬ್ಬರು ಗಟ್ಟಿ ಹುಡುಗರನ್ನು ಕಟ್ಟಿಕೊಂಡು ಹಿಂದಿನಿಂದ ಮಣ್ಣಿನ ಹೆಂಟೆ ಎಸೆಯತೊಡಗಿದರು. ಹೆಂಟೆ ಬಂದಾಗಲೆಲ್ಲ ನಾವು ಹಿಂದಿನ ಸಾಲಿನವರು ನಿಂತು, ತಿರುಗಿ, ಎದುರಾಗಬೇಕು. ಆಮೇಲೆ ಮತ್ತೆ ಮುಖ ತಿರುಗಿಸಿ ನಾಲ್ಕು ಹೆಜ್ಜೆ. ಮುಂದಿನವರಿಗೆ ಈ ಕಷ್ಟವೇ ಇಲ್ಲ. ತೋಪಿನ ನೆರಳು ಕಂಡದ್ದೇ ಅವರ ಕಾಲು ಚುರುಕಾಯಿತು. ಪಕ್ಕದ ಸಾಲುಗಳು ಯಾರ ಜೊತೆ ಹೋಗಬೇಕೋ ತಿಳಿಯದೆ ಎಳೆದಾಡಿದವು. ಒಂದು ಮೂಲೆಯಲ್ಲಿ ಗಾಡಿ ನುಗ್ಗುವಷ್ಟು ಕಂಡಿ ಬಿತ್ತು. ಮೇಷ್ಟ್ರು ಓಡಲೂ ಇಲ್ಲ, ಸುಮ್ಮನೆ ನಡೆದು ಒಳಗೆ ಬಂದು ಡಬರಿ ಎತ್ತಿಕೊಂಡರು. ಚಿಕ್ಕ ಹುಡುಗರು ಕಿರುಚಿಕೊಂಡು ದಿಕ್ಕಾಪಾಲಾದರು.

"ಚೌಕ ಮುರಿದೋರು ಯಾರು?"

ಹಿಂದಿನವರು ಸಾ, ಎಂದು ಎಲ್ಲರೂ ನಮ್ಮ ಕಡೆ ಬೆರಳು ಮಾಡಿದರು.

"ಅಲ್ಲ ಕಣ್ರೋ. ಇವರು ನಿಂತಿದ್ರು. ಮುರಿದೋರು ಮುಂದಿನೋರು. ಹಿಂದೆ ಒಬ್ಬ ತಿರುಗಿ ನಿಂತವ್ನೆ ಅನ್ನೋದನ್ನ ಮರೆತ್ರಲ್ಲ, ಅವಾಗ ಮುರೀತು."

ಕದನದ ವಿವರ ನಾನು ಓದಿಕೊಂಡಿದ್ದು ಎಷ್ಟೋ ವರ್ಷಗಳ ಮೇಲೆ, ಕೆಲಸಕ್ಕೆ ಸೇರಿ ಪುಸ್ತಕ ಕೊಳ್ಳುವ ಶಕ್ತಿ ಬಂದಮೇಲೆ. ಹೈದರನ ಕಾಲ ಕಂಡವರು ಇನ್ನೂ ಬದುಕಿದ್ದಾಗ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಕರ್ನಲ್ ಮಾರ್ಕ್ ವಿಲ್ಕ್ಸ್ ಅದನ್ನು ವಿಸ್ತಾರವಾಗಿ ಬರೆದಿದ್ದಾನೆ. ಅವನು ಹೈದರನ ಎದುರು ಪಕ್ಷದವನು ಎಂಬುದನ್ನು ನೆನಪಿಟ್ಟುಕೊಂಡೇ ಓದಬೇಕು. ಪೇಶ್ವೆ ಮಾಧವರಾಯ ದಂಡೆತ್ತಿ ಬಂದು, ಕಾಯಿಲೆ ಬಿದ್ದು ಪುಣೆಗೆ ಮರಳಿದ. ದಂಡು ತ್ರ್ಯಂಬಕರಾಯನ ಕೈಗೆ ಬಂತು. 1769ರ ಒಪ್ಪಂದದ ಪ್ರಕಾರ ಹೈದರನ ನೆರವಿಗೆ ಬರಬೇಕಾಗಿದ್ದ ಇಂಗ್ಲಿಷರು ಬರಲಿಲ್ಲ. ಆ ಸಿಟ್ಟು ಅವನಿಗೆ ಸಾಯುವವರೆಗೂ ಆರಲಿಲ್ಲ. ಮರಾಠರ ಕುದುರೆಬಲದ ಮುಂದೆ ಬಯಲಿನಲ್ಲಿ ನಿಲ್ಲಲಾರದೆ ಹೈದರ್ ಮೇಲುಕೋಟೆಯ ಗುಡ್ಡಗಳ ಆಸರೆಗೆ ಸರಿದ. ಮರಾಠರು ಅಲ್ಲಿ ಸುತ್ತುವರಿದು ದಿನಗಟ್ಟಲೆ ಗುಂಡು ಹಾರಿಸಿದರು. ದಂಡಿಗೆ ಉಣ್ಣುವುದಕ್ಕಿಲ್ಲ, ದನಕ್ಕೆ ಮೇವಿಲ್ಲ. ಶ್ರೀರಂಗಪಟ್ಟಣ ಸುಮಾರು 22 ಮೈಲಿ. ರಾತ್ರಿ ಸದ್ದಿಲ್ಲದೆ ಹೊರಟು ಬೆಳಗಿನ ಹೊತ್ತಿಗೆ ಕಾವೇರಿ ಸೇರುವುದು ಎಂದು ನಿರ್ಧಾರವಾಯಿತು.

ಕತ್ತಲಲ್ಲಿ ಹೊರಟ ಸೇನೆಯ ಮುಂಭಾಗದಿಂದ ಒಂದು ಫಿರಂಗಿ ಹಾರಿತು. ದಾರಿಯಲ್ಲಿ ಮರಾಠರ ಕಾವಲಿದೆ ಎಂದುಕೊಂಡ ಯಾರೋ ಹಾರಿಸಿದ್ದು. ಗುಟ್ಟು ಅಷ್ಟಕ್ಕೇ ರಟ್ಟಾಯಿತು. ಸಾಮಾನಿನ ಹೊಣೆ ಹೊತ್ತು ಹಿಂದೆ ಇದ್ದವನು ಟಿಪ್ಪು, ಇಪ್ಪತ್ತರ ಆಸುಪಾಸಿನ ಹುಡುಗ. ಹೈದರ್ ಹೇಳಿಕಳಿಸಿದ ಮೇಲೆ ಹೇಳಿಕಳಿಸಿದ. ಆ ಗೊಂದಲದಲ್ಲಿ ಅವನು ತಂದೆಯ ಮುಂದೆ ಬಂದು ನಿಲ್ಲುವ ಹೊತ್ತಿಗೆ ಬೆಳಕು ಹರಿಯುತ್ತಿತ್ತು. ಹೈದರ್ ಕುಡಿದಿದ್ದ, ಮಗನನ್ನು ಎಲ್ಲರೆದುರು ಬೆತ್ತದಿಂದ ಹೊಡೆದ, ಮಗ ರುಮಾಲು ಕತ್ತಿ ಎರಡನ್ನೂ ನೆಲಕ್ಕೆಸೆದು ಇವತ್ತು ಕತ್ತಿ ಹಿಡಿಯುವುದಿಲ್ಲ ಎಂದ ಎಂದು ವಿಲ್ಕ್ಸ್ ಬರೆಯುತ್ತಾನೆ.

ಈ ಬೆತ್ತದ ಕಥೆಯನ್ನು ನಮ್ಮ ಮೇಷ್ಟ್ರೂ ಹೇಳಿದ್ದರು. ಯಾರಿಂದ ಕೇಳಿದ್ದರೋ. ಅವತ್ತು ತೋಪಿನ ನೆರಳಲ್ಲಿ ಒಬ್ಬ ಹುಡುಗ ಧೈರ್ಯ ಮಾಡಿ, "ಹೊಡ್ದಿದ್ದು ಸರಿಯಾ ಸಾ?" ಎಂದು ಕೇಳಿದ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಪ್ಪು. ದಂಡು ನಡೆಸೋನು ಕೈ ಎತ್ತಿದ ಅಂದ್ರೆ ಅವನಿಗೆ ದಾರಿ ಕಾಣ್ತಿಲ್ಲ ಅಂತ್ಲೇ ಲೆಕ್ಕ" ಎಂದರು. ಸೋಮವಾರ ಬೆಳಿಗ್ಗೆ ಹುಣಸೆ ಬರಲು ಅವರ ಕೈಯಲ್ಲೇ ಇತ್ತು. ಎರಡೂ ನಿಜ. ಎರಡರಲ್ಲಿ ಒಂದನ್ನು ಅಳಿಸಿ ಅವರನ್ನು ನೆನೆಯುವುದು ನನ್ನಿಂದ ಸಾಧ್ಯವಿಲ್ಲ.

1771ರ ಮಾರ್ಚ್ 5. ಬೆಳಕಾದ ಮೇಲೆ ಹೈದರನ ಕಾಲಾಳುಗಳು ಚೌಕ ಕಟ್ಟಿಕೊಂಡು, ಸಾಮಾನು, ಒಂಟೆ, ಮದ್ದಿನ ಬಂಡಿ, ಹಿಂಬಾಲಕರನ್ನೆಲ್ಲ ನಡುವೆ ಹಾಕಿಕೊಂಡು ನಡೆದರು. ಸುತ್ತ ಮರಾಠಾ ಕುದುರೆ. ಹಿಂದಿನಿಂದ ಅವರ ಫಿರಂಗಿ. ಗುಂಡಿನ ಮಳೆಯಲ್ಲೂ ಚೌಕ ಬಹಳ ದೂರ ಬಂತು. ಇದನ್ನು ಗೈಡು ಹೇಳುವುದಿಲ್ಲ. ರಾತ್ರಿಯೆಲ್ಲ ನಿದ್ದೆಯಿಲ್ಲದವರು, ಹಸಿದವರು, ಸೇನಾಪತಿಯ ಬಾಯಿಂದ ನೆಟ್ಟಗೆ ಒಂದು ಆಜ್ಞೆ ಬರದಿದ್ದವರು, ಅಷ್ಟು ಹೊತ್ತು ಹೆಜ್ಜೆ ಕೂಡಿಸಿಕೊಂಡು ಬಂದರು. ಅದು ಸೋಲಿನ ಸಾಲಲ್ಲ, ಕಾದಾಟದ ಸಾಲು. ಚಿನಕುರಳಿಯ ಗುಡ್ಡ ಕಣ್ಣಿಗೆ ಬಿದ್ದ ಮೇಲೆ, ಚೌಕದ ಒಳಗೆ ಮದ್ದಿನ ಬಂಡಿ ಸಿಡಿಯಿತು. ಅಗ್ನಿಬಾಣದ ಹೊರೆ ಹೊತ್ತಿದ್ದ ಒಂಟೆಗಳಿಗೆ ಬೆಂಕಿ ತಗುಲಿ, ಅವು ಜನರ ನಡುವೆ ಹುಚ್ಚೆದ್ದು ಓಡಿದವು. ಚೌಕ ಒಡೆಯಿತು. ಕುದುರೆ ಒಳಗೆ ನುಗ್ಗಿತು. ಆಮೇಲೆ ನಡೆದದ್ದು ಕದನವಲ್ಲ, ಕೊಲೆ.

ಒಡೆದದ್ದು ಸಿಡಿತದಿಂದ ಮಾತ್ರವೇ? ಗುಡ್ಡ ಹತ್ತಿದರೆ ಬದುಕಿದೆವು ಎಂಬ ಆತುರವೂ ಅಲ್ಲಿ ಇತ್ತು ಎಂದೇ ನನ್ನ ಎಣಿಕೆ. ಹುಣಸೇತೋಪಿನ ನೆರಳು ಕಂಡ ಹುಡುಗರ ಕಾಲುಗಳನ್ನು ನೋಡಿದ್ದೇನೆ.

ಹೈದರ್ ಕುದುರೆಯೇರಿ ಶ್ರೀರಂಗಪಟ್ಟಣಕ್ಕೆ ಪಾರಾದ. ಅವನನ್ನೇ ಹೋಲುತ್ತಿದ್ದ ಯಾಸೀನ್ ಖಾನ್ ಎಂಬ ಸರದಾರ ಗಾಯಗೊಂಡು ಬಿದ್ದಾಗ ತಾನೇ ಹೈದರ್ ಎಂದು ನಂಬಿಸಿ, ಹಿಡಿಯುವವರ ಗಮನವನ್ನೆಲ್ಲ ತನ್ನ ಮೇಲೆ ಎಳೆದುಕೊಂಡ. ಫಜ್ಲುಲ್ಲಾ ಖಾನ್ ಎಂಬ ಇನ್ನೊಬ್ಬ ಸರದಾರ ಒಂದಿಷ್ಟು ಜನರನ್ನು ಚೆದುರಲು ಬಿಡದೆ ಕಾದಾಡಿಕೊಂಡೇ ಪಟ್ಟಣ ಸೇರಿಸಿದ. ಟಿಪ್ಪು ಫಕೀರನ ವೇಷದಲ್ಲಿ ತಪ್ಪಿಸಿಕೊಂಡು ಬಂದ. ಹೆಸರಿದ್ದವರ ಕಥೆ ಇಷ್ಟು ಉಳಿದಿದೆ. ಚೌಕದ ನಡುವೆ ಇದ್ದ ಎತ್ತಿನವರು, ಅಡುಗೆಯವರು, ಹೆಂಗಸರು ಏನಾದರು ಎಂಬುದು ಯಾವ ಪುಟದಲ್ಲೂ ಇಲ್ಲ.

ಮೇಲುಕೋಟೆಯ ಜನರ ಪಾಡು ಮಾತ್ರ ಸ್ವಲ್ಪ ದಾಖಲಾಗಿದೆ. ಗೆದ್ದ ದಂಡು ಊರನ್ನು ಲೂಟಿ ಮಾಡಿತು. ತೇರುಗಳಲ್ಲಿದ್ದ ಕಬ್ಬಿಣಕ್ಕಾಗಿ ತೇರುಗಳನ್ನೇ ಸುಟ್ಟರು, ಬೆಂಕಿ ಗುಡಿಗೂ ಹಬ್ಬಿತು. ನನ್ನ ತಾಯಿಯ ತಾಯಿ ಆ ಕಡೆಯವರು. ವೈರಮುಡಿ ಉತ್ಸವಕ್ಕೆ ಹೋದಾಗ "ಯಾವ್ದೋ ಕಾಲದಲ್ಲಿ ತೇರು ಸುಟ್ಟಿದ್ರಂತೆ ಕಣಪ್ಪ, ಸ್ವಾಮಿ ತೇರನ್ನೇ" ಎಂದು ಹೇಳುತ್ತಿದ್ದರು. ಸುಟ್ಟವರು ಯಾರು, ಕಾದಿದವರು ಯಾರು ಅವರಿಗೆ ಗೊತ್ತಿರಲಿಲ್ಲ. ಈಗ ಈ ಚರಿತ್ರೆಯನ್ನು ಧರ್ಮದ ಲೆಕ್ಕದಲ್ಲಿ ಎರಡು ಪಾಲು ಮಾಡಿ ಹಂಚಿಕೊಳ್ಳುವವರ ಮಾತು ಕೇಳಿದಾಗ ನನಗೆ ಅಜ್ಜಿಯ ಆ ಮಾತು ನೆನಪಾಗಿ ಸಂಕಟವಾಗುತ್ತದೆ. ಚೆಲುವನಾರಾಯಣನ ಊರನ್ನು ಆಸರೆ ಮಾಡಿಕೊಂಡವನು ಹೈದರ್. ಅವನು ಅಲ್ಲಿಗೆ ಹೋದದ್ದರಿಂದಲೇ ಆ ಊರಿಗೆ ಯುದ್ಧ ಬಂತು, ಅದೂ ಸತ್ಯ. ಬೆಂಕಿ ಇಟ್ಟವರು ಪುಣೆಯ ಪೇಶ್ವೆಯ ದಂಡಿನವರು. ಇದು ಯಾವ ಪಾಲಿಗೂ ಸಲೀಸಾಗಿ ಸೇರುವುದಿಲ್ಲ.

ಮೇಷ್ಟ್ರು ತಮ್ಮ ಯುದ್ಧದ ಬಗ್ಗೆ ಬಾಯಿಬಿಟ್ಟದ್ದು ಅಪರೂಪ. ಮಳೆ ಹಿಡಿದು ಆಟಕ್ಕೆ ಬಿಡಲಾಗದ ದಿನಗಳಲ್ಲಿ, ತರಗತಿಯ ಬಾಗಿಲಲ್ಲಿ ಒರಗಿ ನಿಂತು ಹೊರಗೆ ನೋಡುತ್ತ ಹೇಳುತ್ತಿದ್ದರು. 1942ರ ಫೆಬ್ರವರಿ 23ರ ಬೆಳಗಿನ ಜಾವ ಸಿತ್ತಾಂಗ್ ನದಿಯ ಸೇತುವೆಯನ್ನು ನಮ್ಮವರೇ ಸಿಡಿಸಿದರು. ಆಚೆ ದಡದಲ್ಲಿ ನಮ್ಮವರೇ ಸಾವಿರಾರು ಜನ ಉಳಿದಿದ್ದರು. ಮೇಷ್ಟ್ರ ಲಾರಿ ಮೊದಲೇ ಈಚೆಗೆ ದಾಟಿತ್ತು. ಬಿದಿರು ಕಟ್ಟಿಕೊಂಡು, ಪೆಟ್ರೋಲ್ ಡಬ್ಬ ತಬ್ಬಿಕೊಂಡು, ಬೂಟು ಬಟ್ಟೆ ಬಿಟ್ಟು ಈಜಿ ಬಂದವರನ್ನು ಅವರು ಕಣ್ಣಾರೆ ಕಂಡರು. ಮಾರ್ಚಿನಲ್ಲಿ ರಂಗೂನ್ ಹೋಯಿತು. ಅಲ್ಲಿಂದ ಉತ್ತರಕ್ಕೆ ಒಂಬೈನೂರು ಮೈಲಿಯ ಹಿಮ್ಮೆಟ್ಟುವಿಕೆ. ಒಂದು ಕಡೆ ತಿರುಗಿ ನಿಂತು ಕಾದುವುದು, ಶತ್ರು ಸುತ್ತಿ ಬರುವ ಮೊದಲು ಸರಿಯುವುದು, ಮತ್ತೊಂದು ಕಡೆ ನಿಲ್ಲುವುದು. ರಸ್ತೆಯ ತುಂಬ ಬರ್ಮಾದಿಂದ ಹೊರಟ ಭಾರತೀಯರು. ಮಕ್ಕಳನ್ನು ಲಾರಿಗೆ ಎತ್ತಿಕೊಡಲು ಬರುವ ತಾಯಂದಿರು. "ಎಷ್ಟು ಜನಾನ ಹತ್ತಿಸ್ಕೊಳ್ಳಾಣ? ಒಬ್ರನ್ನ ಹತ್ತಿಸ್ದೆ ಅಂದ್ರೆ ನೂರು ಜನದ ಕೈ ಬಿಡಿಸ್ಬೇಕು" ಎಂದು ಹೇಳಿ ನಿಲ್ಲಿಸಿಬಿಟ್ಟಿದ್ದರು.

ಮೇ ತಿಂಗಳು, ಚಿಂದ್ವಿನ್ ನದಿಯ ಶ್ವೇಜಿನ್ ಎಂಬಲ್ಲಿಗೆ ಬಂದಾಗ ದೋಣಿಗಳು ಸಾಕಾಗಲಿಲ್ಲ. ಲಾರಿಗಳನ್ನು ಶತ್ರುವಿಗೆ ಸಿಗದಂತೆ ಹಾಳು ಮಾಡಿ ಬಿಡಬೇಕೆಂದು ಆಜ್ಞೆಯಾಯಿತು. ಮೇಷ್ಟ್ರು ತಮ್ಮ ಲಾರಿಯ ಕೆಳಗೆ ಮಲಗಿ ಆಯಿಲ್ ಪೂರ್ತಿ ಇಳಿಸಿದರು. ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಮೇಲೆ ಕಲ್ಲಿಟ್ಟರು. ಇಂಜಿನ್ ಕಾದು, ಕಿರುಗುಟ್ಟಿ, ಕೊನೆಗೆ ಒಂದೇ ಸಲ ಹಿಡಿದುಕೊಂಡು ನಿಂತಿತಂತೆ. "ಅದನ್ನ ನಾನು ರಂಗೂನಿಂದ ಒಂದು ಸ್ಪ್ರಿಂಗ್ ಪ್ಲೇಟೂ ಮುರೀದಂಗೆ ತಂದಿದ್ದೆ ಕಣ್ರೋ" ಎಂದರು. ಅವರ ಬಾಯಲ್ಲಿ ಕೇಳಿದ ಒಂದೇ ದುಃಖದ ಮಾತು ಅದು, ಮನುಷ್ಯರ ಬಗ್ಗೆ ಅಲ್ಲ, ಲಾರಿಯ ಬಗ್ಗೆ. ಮನುಷ್ಯರ ಬಗ್ಗೆ ಹೇಳಲು ಹೋದರೆ ನಿಲ್ಲಿಸಲು ಆಗುವುದಿಲ್ಲ ಎಂದು ಗೊತ್ತಿತ್ತೇನೋ. ಆಮೇಲೆ ಕಾಡು ಕಣಿವೆ, ಮಳೆ, ಮಲೇರಿಯಾ, ನಡಿಗೆ, ಇಂಫಾಲ. ಊರಿಗೆ ಬಂದಾಗ ಗುರುತು ಹಿಡಿಯಲಾರದಷ್ಟು ಸೊರಗಿದ್ದರಂತೆ. ಅವರನ್ನೇ ಕಾಫಿ ಹೋಟೆಲಿನವರು ಓಡಿ ಬಂದವನು ಎನ್ನುತ್ತಿದ್ದುದು.

ಮುಂದಿನ ವರ್ಷ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದರು. ಅಲ್ಲಿನ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಪೊಲ್ಲಿಲೂರಿನ ಚಿತ್ರವಿದೆ, ನೋಡಿದವರಿಗೆ ಗೊತ್ತು. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಇಂಗ್ಲಿಷರ ಕರ್ನಲ್ ಬೇಯ್ಲಿಯ ದಂಡು ಚೌಕ ಕಟ್ಟಿ ನಿಂತಿದೆ. ಬೇಯ್ಲಿ ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿಕೊಂಡು ಕೂತಿದ್ದಾನೆ. ಮದ್ದಿನ ಬಂಡಿ ಸಿಡಿಯುತ್ತಿದೆ. ಸುತ್ತ ಹೈದರ್ ಟಿಪ್ಪು ಇಬ್ಬರ ಕುದುರೆ. ಹುಡುಗರು ಆನೆ ಕುದುರೆ ಎಣಿಸುತ್ತಿದ್ದರೆ ಮೇಷ್ಟ್ರು ಚಿತ್ರದ ಆ ಚೌಕಕ್ಕೇ ಬೆರಳು ಮಾಡಿ, "ಇದೇ ಕಣ್ರೋ ಚಿನಕುರಳಿ. ಅವತ್ತು ಒಳಗಿದ್ದೋರು ಇವತ್ತು ಹೊರಗವ್ರೆ" ಎಂದರು. ಒಂಬತ್ತು ವರ್ಷ ಹಿಂದೆ ತನ್ನ ಚೌಕ ಹೇಗೆ ಒಡೆಯಿತೋ ಹಾಗೆಯೇ ಬೇಯ್ಲಿಯ ಚೌಕವನ್ನು ಹೈದರ್ ಒಡೆದ. ಅದು ಕಲಿತ ಪಾಠವೋ ಕಾಕತಾಳೀಯವೋ ಹೇಳಲು ನನ್ನಲ್ಲಿ ಪುರಾವೆಯಿಲ್ಲ. ಮೇಷ್ಟ್ರಿಗೆ ಅನುಮಾನವೇ ಇರಲಿಲ್ಲ.

ಹೈದರನ ಬಗ್ಗೆ ನನ್ನ ಅಭಿಪ್ರಾಯ ವಯಸ್ಸಿನ ಜೊತೆ ಬದಲಾಗುತ್ತ ಬಂದಿದೆ. ಹುಡುಗನಾಗಿದ್ದಾಗ ಅವನು ವೀರ. ವಿಲ್ಕ್ಸ್ ಓದಿದ ಮೇಲೆ, ಕುಡಿದು ಮಗನನ್ನು ಹೊಡೆದು ತನ್ನ ಜನರನ್ನು ಗುಡ್ಡದ ಬುಡದಲ್ಲಿ ಬಿಟ್ಟು ಹೋದವನು. ಈಗ ಅವನ ದೊಡ್ಡತನ ಕಾಣುವುದು ಮರುದಿನದಿಂದ. ಮರಾಠರು ಲೂಟಿಯಲ್ಲಿ ಮುಳುಗಿ ಕೂಡಲೇ ಪಟ್ಟಣದ ಮೇಲೆ ಬೀಳಲಿಲ್ಲ. ಆ ಬಿಡುವಿನಲ್ಲಿ ಹೈದರ್ ಚೆದುರಿದವರನ್ನು ಮತ್ತೆ ಸೇರಿಸಿದ, ಆಯುಧ ಸಮೇತ ಬಂದವರಿಗೆ ಕೈತುಂಬ ಹಣ ಕೊಟ್ಟ ಎಂಬ ಮಾತು ಹಳೆಯ ಬರಹಗಳಲ್ಲಿದೆ. ತಿಂಗಳ ಮೇಲೆ ಮುತ್ತಿಗೆ ಹಾಕಿದರೂ ಶ್ರೀರಂಗಪಟ್ಟಣ ಬೀಳಲಿಲ್ಲ. 1772ರಲ್ಲಿ ದುಡ್ಡು, ನೆಲ ಎರಡನ್ನೂ ಕೊಟ್ಟು ಸಂಧಿ ಮಾಡಿಕೊಂಡ. ಅದೇ ವರ್ಷ ನವೆಂಬರಿನಲ್ಲಿ ಮಾಧವರಾಯ ಸತ್ತ, ಮರುವರ್ಷ ಅವನ ತಮ್ಮ ನಾರಾಯಣರಾಯನ ಕೊಲೆಯಾಯಿತು. ಪುಣೆ ಒಳಜಗಳದಲ್ಲಿ ಸಿಕ್ಕಿಕೊಂಡಿತು, ಹೈದರ್ ಕಳೆದುಕೊಂಡದ್ದನ್ನು ಹಿಂದಕ್ಕೆ ತೆಗೆದುಕೊಂಡ. ಆದರೂ ಆ ಬೆಳಗಿನ ಬೆತ್ತವನ್ನು ನಾನು ಮನ್ನಿಸಿಲ್ಲ.

ಚಿನಕುರಳಿಯ ಸುತ್ತ ಈಗ ಕಬ್ಬು, ಭತ್ತ, ತೆಂಗು. ನಾವು ಚೌಕ ಕಟ್ಟಿದ ಬೀಳು ಹೊಲಕ್ಕೆ ನೀರು ಬಂದು ಯಾವುದೋ ಕಾಲವಾಯಿತು, ಹುಣಸೇತೋಪು ಇಲ್ಲ. ಆ ದಾರಿಯಲ್ಲಿ ಹೋದಾಗಲೆಲ್ಲ ನೋಡಿದ್ದೇನೆ, ಇಲ್ಲೊಂದು ಕದನ ನಡೆಯಿತು ಎಂದು ಹೇಳುವ ಕಲ್ಲು ನನ್ನ ಕಣ್ಣಿಗೆ ಬಿದ್ದಿಲ್ಲ. ಇರಬೇಕಾಗಿತ್ತು. ಗೆಲುವಿನ ಕಂಬ ಬೇಡ, ಇಷ್ಟು ದೂರ ಚೌಕ ಮುರಿಯದೆ ಬಂದರು ಎಂದು ಬರೆದರೆ ಸಾಕಿತ್ತು.

ಮೇಷ್ಟ್ರನ್ನು ಕೊನೆಯದಾಗಿ ಕಂಡಾಗ ಅವರಿಗೆ ಎಂಬತ್ತು ದಾಟಿತ್ತು. ಕಿವಿ ಮಂದ, ನೆನಪು ಚೊಕ್ಕ. ಓದಿದ್ದನ್ನೆಲ್ಲ ಗಟ್ಟಿಯಾಗಿ ಹೇಳಿದೆ. ಫಜ್ಲುಲ್ಲಾ ಖಾನ್ ತನ್ನ ಜನರನ್ನು ಚೆದುರದಂತೆ ಪಟ್ಟಣಕ್ಕೆ ಮುಟ್ಟಿಸಿದ ಎಂದಾಗ ಕಣ್ಣರಳಿಸಿದರು.

"ಅವರ ಹಿಂದಿನ ಸಾಲಲ್ಲಿ ಯಾರಿದ್ರು?"

"ಪುಸ್ತಕದಲ್ಲಿಲ್ಲ ಸಾ."

"ಇರಾಕಿಲ್ಲ ಬುಡು" ಎಂದರು. ಆಮೇಲೆ ಶ್ವೇಜಿನ್ ಮಾತು ಬಂತು. ಲಾರಿ ಬಿಟ್ಟು, ನದಿಯಂಚಿನ ಕಾಲುದಾರಿ ಹಿಡಿದು ಮೇಲೆ ಹತ್ತುವಾಗ ಹಿಂದಿನ ದಿಬ್ಬದ ಮೇಲೆ ಗೂರ್ಖಾಗಳು ನಿಂತು ಜಪಾನೀಯರನ್ನು ತಡೆದಿದ್ದರು. ಬಿಟ್ಟು ಹೋಗಲೇಬೇಕಾದ ಫಿರಂಗಿಗಳಿಂದ ಉಳಿದ ಗುಂಡನ್ನೆಲ್ಲ ಹಾರಿಸಿ ಮುಗಿಸಿದರು. ಆ ಸದ್ದಿನ ಅಡಿಯಲ್ಲೇ ಇವರೆಲ್ಲ ಪಾರಾದರು. ಮೊದಲ ಸಲ ಅವರು ಇಷ್ಟನ್ನೂ ಬಿಡಿಸಿ ಹೇಳಿದರು. "ಅವರು ಅಲ್ಲಿ ನಿಂತಿದ್ದಕ್ಕೆ ನಾನು ಇಲ್ಲಿ ಬಂದು ನಿಮಗೆ ಡ್ರಿಲ್ ಹೇಳ್ಕೊಟ್ಟೆ. ಅವರಲ್ಲಿ ಒಬ್ರ ಹೆಸರೂ ನಂಗೆ ಗೊತ್ತಿಲ್ಲ ಕಣೋ" ಎಂದು ಹೇಳಿ, ಕಾಫಿ ತರುವಂತೆ ಸೊಸೆಯನ್ನು ಕೂಗಿದರು.